ಮೂಸೆಯೊಳಗಿನ ಉಕ್ಕು: ಘನ, ದ್ರವ, ಅನಿಲಗಳ ಜನಪದ ಅರಿವು

ಘನ, ದ್ರವ, ಅನಿಲ ಎಂಬ ಮೂರು ಪದಗಳನ್ನು ಕನ್ನಡದ ಶಾಲಾಮಕ್ಕಳು ವಿಜ್ಞಾನದ ಆರಂಭದ ಪಾಠಗಳಲ್ಲಿಯೇ ಕಲಿಯುತ್ತಾರೆ. ಘನಕ್ಕೆ ತನ್ನದೇ ಆದ ಆಕಾರವೂ ಗಾತ್ರವೂ ಉಂಟು. ದ್ರವಕ್ಕೆ ಗಾತ್ರವುಂಟು, ಆಕಾರ ಮಾತ್ರ ಪಾತ್ರೆಯದು. ಅನಿಲವಾದರೋ ತನ್ನನ್ನು ಹಿಡಿದಿಟ್ಟ ಪಾತ್ರೆಯನ್ನೆಲ್ಲ ತುಂಬುತ್ತದೆ. ಈ ಮೂರು ಪದಗಳೂ ಸಂಸ್ಕೃತದಿಂದ ಬಂದವು. ಇಂದಿನ ವೈಜ್ಞಾನಿಕ ಅರ್ಥದಲ್ಲಿ ಕನ್ನಡಕ್ಕೆ ಸೇರಿದ್ದು ಆಧುನಿಕ ಶಿಕ್ಷಣದ ಜೊತೆಗೆ. ಆದರೆ ಪದ ಬರುವುದಕ್ಕೆ ಮುಂಚೆ ಅರಿವು ಇರಲಿಲ್ಲವೆಂದು ಭಾವಿಸುವುದು ತಪ್ಪಾಗುತ್ತದೆ. ಗಟ್ಟಿ, ನೀರು, ಗಾಳಿ, ಹಬೆ, ಹೊಗೆ ಎಂಬ ಮಾತುಗಳ ಜೊತೆಗೆ, ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ದಾಟುವ ಗಳಿಗೆಯನ್ನು ಹೇಳುವ ಹದ, ಪಾಕ, ಎರಕ ಎಂಬ ಮಾತುಗಳೂ ಜನಪದರ ಬಳಿ ಇದ್ದವು. ಕರ್ನಾಟಕದ ಜಾನಪದ ಅಧ್ಯಯನವು ಹಾಡು, ಕತೆ, ಗಾದೆಗಳ ಸಂಗ್ರಹದಲ್ಲಿ ತೋರಿದ ಶ್ರದ್ಧೆಯನ್ನು ಕುಲುಮೆ, ಗಾಣ, ಆಲೆಮನೆಗಳ ಅರಿವಿನ ಬಗ್ಗೆ ಅಷ್ಟಾಗಿ ತೋರಿಲ್ಲ. ಈ ಕೊರತೆ ಎದ್ದು ಕಾಣುವುದು ಉಕ್ಕಿನ ವಿಷಯದಲ್ಲಿ. ವಸ್ತುವಿನ ಮೂರೂ ಸ್ಥಿತಿಗಳನ್ನು ಒಂದೇ ಒಲೆಯಲ್ಲಿ ನಿಭಾಯಿಸಬೇಕಾಗಿದ್ದ ಕಸುಬು ಅದು.

ಮೊದಲು ಹೆಸರುಗಳನ್ನೇ ಗಮನಿಸಬಹುದು. ಕಬ್ಬಿಣ ಎಂಬ ಪದದಲ್ಲಿರುವುದು ಬಣ್ಣ. ಕಪ್ಪು ಎಂಬರ್ಥದ ‘ಕರ್’ ಮತ್ತು ಲೋಹವೆಂಬರ್ಥದ ‘ಪೊನ್’ ಸೇರಿ ಆದ ಮಾತಿದೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಎರಕ ಎಂಬುದರಲ್ಲಿರುವುದು ಎರೆಯುವ ಕ್ರಿಯೆ. ಉಕ್ಕು ಎಂಬ ಪದದ ಕತೆ ಇನ್ನೂ ಸ್ವಾರಸ್ಯಕರವಾದುದು. ತಮಿಳಿನಲ್ಲಿ ‘ಉರುಕು’ ಎಂದರೆ ಕರಗು. ‘ಉರುಕ್ಕು’ ಎಂದರೆ ಕರಗಿಸು ಎಂದೂ ಆಗುತ್ತದೆ, ಉಕ್ಕು ಎಂಬ ಲೋಹವೆಂದೂ ಆಗುತ್ತದೆ. ಬರೋ ಮತ್ತು ಎಮಿನೋ ಅವರ ದ್ರಾವಿಡ ನಿಷ್ಪತ್ತಿ ಕೋಶವು ಕನ್ನಡ ಮತ್ತು ತೆಲುಗಿನ ಉಕ್ಕನ್ನು ಇದೇ ಧಾತುವಿನ ಅಡಿಯಲ್ಲಿ ಇರಿಸುತ್ತದೆ. ಹಾಲು ಉಕ್ಕಿತು ಎನ್ನುವಾಗಿನ ಉಕ್ಕು ಬೇರೆ ಮೂಲದ್ದು. ಆದರೂ ಕನ್ನಡದ ಕಿವಿಗೆ ಎರಡೂ ಒಂದೇ ಆಗಿ ಕೇಳುತ್ತವೆ, ಅರ್ಥವೂ ಹೆಚ್ಚು ದೂರ ಹೋಗುವುದಿಲ್ಲ. ಲೋಕದಲ್ಲಿ ಗಡಸುತನಕ್ಕೆ ಉಪಮೆಯಾಗಿರುವ ವಸ್ತುವಿಗೆ ಭಾಷೆ ಕೊಟ್ಟ ಹೆಸರು ‘ಕರಗಿದ್ದು’ ಎಂಬುದು. ಈ ಘನವಸ್ತುವನ್ನು ಅದು ಒಮ್ಮೆ ದ್ರವವಾಗಿತ್ತು ಎಂಬ ಕಾರಣದಿಂದಲೇ ಗುರುತಿಸಲಾಗಿದೆ. ಈ ಹೆಸರಿಟ್ಟವರಿಗೆ ಕಬ್ಬಿಣಕ್ಕೂ ಉಕ್ಕಿಗೂ ಇರುವ ಅಂತರ ಸ್ಪಷ್ಟವಾಗಿ ತಿಳಿದಿತ್ತು. ಹಳೆಯ ಒಲೆಯಲ್ಲಿ ಕಬ್ಬಿಣ ಕರಗುತ್ತಲೇ ಇರಲಿಲ್ಲ.

ಇದು ಇಂದಿನ ಓದುಗರಿಗೆ ವಿಚಿತ್ರವಾಗಿ ತೋರಬಹುದು. ಶುದ್ಧ ಕಬ್ಬಿಣ ಕರಗಲು ಸುಮಾರು 1538 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು. ಮಣ್ಣಿನ ಗೂಡು, ಇದ್ದಿಲು ಮತ್ತು ಚರ್ಮದ ತಿದಿಗಳನ್ನು ನೆಚ್ಚಿಕೊಂಡ ಒಲೆ ಸಾಮಾನ್ಯವಾಗಿ 1200 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುತ್ತಿತ್ತು. ಹಾಗಿದ್ದೂ ಅದಿರಿನಿಂದ ಕಬ್ಬಿಣ ಹೊರಬಂದದ್ದು ಗಾಳಿಯ ಕೆಲಸದಿಂದ. ತಿದಿ ಊದಿದ ಗಾಳಿಯಲ್ಲಿ ಇದ್ದಿಲು ಉರಿದಾಗ ಇಂಗಾಲದ ಮಾನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದು ಅದಿರಿನ ಹರಳುಗಳ ಸಂದುಗೊಂದುಗಳಲ್ಲಿ ನುಗ್ಗಿ ಅಲ್ಲಿಯ ಆಮ್ಲಜನಕವನ್ನು ಕಿತ್ತುಕೊಂಡು ಹೊಗೆಯಾಗಿ ಮೇಲೇರುತ್ತದೆ. ಉಳಿದ ಕಬ್ಬಿಣದ ಕಣಗಳು ಘನಸ್ಥಿತಿಯಲ್ಲಿಯೇ ಒಂದಕ್ಕೊಂದು ಅಂಟಿ, ಜೇನುಹುಟ್ಟಿನಂತೆ ತೂತುತೂತಾದ ಮುದ್ದೆಯಾಗುತ್ತವೆ. ಕರಗಿ ಹರಿಯುವುದು ಕಿಟ್ಟ ಮಾತ್ರ. ಅದಿರಿನಲ್ಲಿದ್ದ ಮರಳು, ಮಣ್ಣಿನ ಅಂಶಗಳು ಸ್ವಲ್ಪ ಕಬ್ಬಿಣವನ್ನೂ ಸೆಳೆದುಕೊಂಡು ದ್ರವವಾಗಿ ಕೆಳಗಿನ ಕಿಂಡಿಯಿಂದ ಹೊರಬೀಳುತ್ತವೆ. ಬೇಡದ್ದು ದ್ರವವಾಗಿ ಹೋಗುತ್ತದೆ, ಬೇಕಾದದ್ದು ಘನವಾಗಿ ಉಳಿಯುತ್ತದೆ, ಇವೆರಡನ್ನೂ ಬೇರ್ಪಡಿಸುವುದು ಅನಿಲ. ಮುದ್ದೆಯನ್ನು ಕೆಂಪಗಿರುವಾಗಲೇ ಬಡಿದು, ಒಳಗುಳಿದ ಕಿಟ್ಟವನ್ನು ಹಿಂಡಿ ತೆಗೆಯಬೇಕು. ಕಬ್ಬಿಣ ಕಾದಾಗ ಬಡಿಯಬೇಕು ಎಂಬ ಗಾದೆ ಈಗ ಅವಕಾಶವನ್ನು ಬಳಸಿಕೊಳ್ಳುವ ನೀತಿಯಾಗಿದೆ. ಮೂಲದಲ್ಲಿ ಅದು, ಕರಗದೆಯೂ ಮೆತ್ತಗಾಗುವ ಒಂದು ಘನದ ಗುಣವನ್ನು ಕುರಿತ ಕೆಲಸದ ಸೂಚನೆ.

ಕರ್ನಾಟಕದಲ್ಲಿ ಈ ಕಸುಬಿನ ಹಳಮೆ ದೀರ್ಘವಾದುದು. ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಡಾ. ಎಂ.ಎಸ್. ನಾಗರಾಜರಾವ್ ಅವರು 1965ರಲ್ಲಿ ನಡೆಸಿದ ಉತ್ಖನನವು ಇಲ್ಲಿಯ ಕಬ್ಬಿಣದ ಬಳಕೆಯನ್ನು ಕ್ರಿ.ಪೂ. 1000ದ ಸುಮಾರಿಗೆ ಒಯ್ದಿತು. ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯಲ್ಲಿ ದೊರೆತ ಮೂಸೆಯ ಚೂರುಗಳು ಅಲ್ಲಿ ಉಕ್ಕನ್ನು ಕರಗಿಸಿ ತಯಾರಿಸುತ್ತಿದ್ದುದಕ್ಕೆ ನೇರ ಸಾಕ್ಷ್ಯ ಒದಗಿಸಿವೆ. ಲೋಹತಜ್ಞರು 1970ರ ದಶಕದಿಂದ ಮತ್ತೆ ಮತ್ತೆ ಅವನ್ನು ಪರೀಕ್ಷಿಸಿದ್ದಾರೆ. ಬೆಂಗಳೂರಿನ ಶಾರದಾ ಶ್ರೀನಿವಾಸನ್ ಮತ್ತು ಎಸ್. ರಂಗನಾಥನ್ ಅವರು 2004ರಲ್ಲಿ ಪ್ರಕಟಿಸಿದ ಗ್ರಂಥವು ದಕ್ಷಿಣ ಭಾರತದ ಈ ಉಕ್ಕಿನ ಚರಿತ್ರೆಯನ್ನು ಒಂದೆಡೆ ತಂದ ಮುಖ್ಯ ಪ್ರಯತ್ನ.

ಬರಹದಲ್ಲಿ ಉಳಿದ ವಿವರಗಳಲ್ಲಿ ಹೆಚ್ಚು ಉಪಯುಕ್ತವಾದವು ಫ್ರಾನ್ಸಿಸ್ ಬುಕಾನನ್‌ನವು. ಟಿಪ್ಪುವಿನ ಪತನದ ನಂತರ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ಸುತ್ತಿದ ಈ ವೈದ್ಯ, 1807ರಲ್ಲಿ ಮೂರು ಸಂಪುಟಗಳ ಪ್ರವಾಸ ವರದಿಯನ್ನು ಪ್ರಕಟಿಸಿದ. ಗೆದ್ದ ನಾಡಿನ ಆದಾಯ, ಬೆಳೆ, ಕಸುಬುಗಳ ಲೆಕ್ಕ ಹಾಕುವುದೇ ಅವನ ಉದ್ದೇಶವಾಗಿತ್ತೆಂಬುದನ್ನು ಮರೆಯಬಾರದು. ಆದರೆ ಕಸುಬುದಾರರ ಎದುರು ಕುಳಿತು ತೂಕ, ಅಳತೆ, ಕೂಲಿಗಳನ್ನು ಬರೆದುಕೊಂಡ ಅವನ ತಾಳ್ಮೆ ಇಂದಿನ ಕ್ಷೇತ್ರಕಾರ್ಯಕ್ಕೂ ಮಾದರಿಯಾಗಬಲ್ಲದು. ಮಳೆಗಾಲದ ಹಳ್ಳಗಳಲ್ಲಿ ಕಬ್ಬಿಣದ ಕಪ್ಪು ಮರಳನ್ನು ತೊಳೆದು ತೆಗೆಯುತ್ತಿದ್ದುದನ್ನು ಅವನು ದಾಖಲಿಸಿದ್ದಾನೆ. ಹರಿಯುವ ನೀರು ಹಗುರ ಮರಳನ್ನು ಒಯ್ದು ಭಾರದ್ದನ್ನು ಬಿಡುತ್ತದೆ ಎಂಬ ಸರಳ ಅರಿವೇ ಅಲ್ಲಿಯ ಯಂತ್ರ. ಮಧುಗಿರಿ ಕಡೆಯ ಉಕ್ಕಿನ ಒಲೆಗಳ ವರ್ಣನೆಯಂತೂ ಮತ್ತೆ ಮತ್ತೆ ಓದಬೇಕಾದುದು.

ಆ ವರ್ಣನೆಯ ಸಾರ ಹೀಗಿದೆ. ಬಡಿದ ಕಬ್ಬಿಣದ ತುಂಡನ್ನು ಹಸಿಮಣ್ಣಿನಿಂದ ಮಾಡಿ ಒಣಗಿಸಿದ ಚಿಕ್ಕ ಮೂಸೆಯಲ್ಲಿಡುತ್ತಿದ್ದರು. ಅದರ ಜೊತೆಗೆ ತಂಗಡಿ ಗಿಡದ ಕಾಂಡದ ಚೂರುಗಳನ್ನು ತೂಗಿ ಹಾಕಿ, ಅಗಲ ಎಲೆಯ ಒಂದು ಬಳ್ಳಿಯ ಎರಡು ಹಸಿರೆಲೆಗಳನ್ನು ಮುಚ್ಚುತ್ತಿದ್ದರು. ಬಾಯಿಗೆ ಮಣ್ಣು ಮೆತ್ತಿ ಭದ್ರಪಡಿಸಿ, ಹಲವು ಮೂಸೆಗಳನ್ನು ಒಲೆಯಲ್ಲಿ ಕಮಾನಿನಂತೆ ಒತ್ತೊತ್ತಾಗಿ ಜೋಡಿಸಿ, ಇದ್ದಿಲು ತುಂಬಿ ತಿದಿ ಒತ್ತುತ್ತಿದ್ದರು. ಗಂಟೆಗಟ್ಟಲೆ ಉರಿದ ಮೇಲೆ ಮೂಸೆಗಳನ್ನು ತೆಗೆದು ತಣಿಸಿ ಒಡೆದರೆ ಒಳಗೆ ಉಕ್ಕಿನ ಗಟ್ಟಿ. ಎರಡು ಶತಮಾನಗಳ ಹಿಂದೆ ಒಬ್ಬ ಪರದೇಶಿ ಬರೆದಿಟ್ಟ ಈ ನಾಲ್ಕಾರು ಸಾಲುಗಳಲ್ಲಿ ವಸ್ತುಸ್ಥಿತಿಗಳನ್ನು ಕುರಿತ ಒಂದು ಪೂರ್ಣ ಪಾಠವೇ ಅಡಗಿದೆ.

ಮೊದಲನೆಯದು ಮೂಸೆ. ಒಳಗಿರುವುದು ದ್ರವವಾಗಬೇಕು, ಹಿಡಿದಿರುವುದು ಘನವಾಗಿಯೇ ಉಳಿಯಬೇಕು. ಸಾಧಾರಣ ಕುಂಬಾರಮಣ್ಣು ಈ ಉರಿಯಲ್ಲಿ ಮೆತ್ತಗಾಗಿ ಕುಸಿಯುತ್ತದೆ. ದಕ್ಷಿಣ ಭಾರತದ ಮೂಸೆಗಳ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದವರು ಮಣ್ಣಿಗೆ ಭತ್ತದ ಹೊಟ್ಟನ್ನು ಹೇರಳವಾಗಿ ಬೆರೆಸಿರುವುದನ್ನು ಕಂಡಿದ್ದಾರೆ. ಹೊಟ್ಟು ಕರಿಯಾಗಿ ಇಂಗಾಲವನ್ನೂ, ಕರಗಲು ಒಲ್ಲದ ಸಿಲಿಕದ ಎಲುಬುಗೂಡನ್ನೂ ಬಿಟ್ಟುಹೋಗುತ್ತದೆ. ಅದರಿಂದ ಗೋಡೆ ನಿಲ್ಲುತ್ತದೆ. ಗೋಡೆಯೊಳಗಿನ ಇಂಗಾಲ ಹೊರಗಿನ ಆಮ್ಲಜನಕವನ್ನು ತಡೆಯುತ್ತದೆ. ಚೂರುಗಳು ಒಳಗೆಲ್ಲ ಕಪ್ಪಾಗಿರುವುದಕ್ಕೆ ಇದೇ ಕಾರಣ. ಕಣದಲ್ಲಿ ತೂರಿ ಬಿಸಾಡಿದ ಹೊಟ್ಟಿಗೆ ಇಂಥ ಕೆಲಸವುಂಟೆಂದು ಕಂಡುಕೊಂಡವರು ಯಾರೋ, ಅವರ ಹೆಸರು ಯಾವ ಶಾಸನದಲ್ಲಿಯೂ ಇಲ್ಲ.

ಎರಡನೆಯದು ಕರಗುವಿಕೆ. ಆ ಒಲೆಗೆ ಶುದ್ಧ ಕಬ್ಬಿಣವನ್ನು ಕರಗಿಸುವ ಶಕ್ತಿಯಿರಲಿಲ್ಲ. ಆದರೆ ಕಬ್ಬಿಣಕ್ಕೆ ಇಂಗಾಲ ಸೇರಿದಂತೆ ಅದರ ಕರಗುವ ಬಿಂದು ಇಳಿಯುತ್ತದೆ; ತೂಕದಲ್ಲಿ ಶೇಕಡಾ 1.5ರಷ್ಟು ಇಂಗಾಲ ಸೇರಿದರೆ ಸುಮಾರು ನೂರು ಡಿಗ್ರಿ ಕಡಿಮೆ ಉಷ್ಣತೆಯಲ್ಲಿಯೇ ಅದು ಪೂರ್ತಿ ದ್ರವವಾಗುತ್ತದೆ. ಉರಿಯನ್ನು ಲೋಹದ ಮಟ್ಟಕ್ಕೆ ಏರಿಸುವ ಬದಲು ಲೋಹವನ್ನು ಉರಿಯ ಮಟ್ಟಕ್ಕೆ ಇಳಿಸುವ ಉಪಾಯವಿದು. ಇಂಗಾಲ ಹೆಚ್ಚಾದರೆ ಇನ್ನೂ ಸುಲಭವಾಗಿ ಕರಗುತ್ತದೆ, ಆದರೆ ಬಂದದ್ದು ಬಡಿದರೆ ಒಡೆಯುವ ಬೀಡು. ತಂಗಡಿಯ ಕಾಂಡವನ್ನು ತೂಗಿ ಹಾಕುತ್ತಿದ್ದುದರ ಮರ್ಮ ಇಲ್ಲಿದೆ.

ಮೂರನೆಯದು ಆ ಹಸಿರೆಲೆಗಳು. ಇವನ್ನು ಕೇವಲ ಆಚಾರವೆಂದು ತಳ್ಳಿಹಾಕಬಹುದಿತ್ತು. ಕೆಲವರು ಹಾಗೆ ತಳ್ಳಿಯೂ ಹಾಕಿದರು. ತಮಿಳುನಾಡಿನ ಪೋರ್ಟೊ ನೋವೊದಲ್ಲಿ ಕಬ್ಬಿಣದ ಕಾರ್ಖಾನೆ ಹೂಡಿದ್ದ ಜೋಸಯ್ಯ ಮಾರ್ಷಲ್ ಹೀತ್ 1839ರ ಪ್ರಬಂಧದಲ್ಲಿ ಬೇರೊಂದು ವಿವರಣೆ ಕೊಟ್ಟ. ಮುಚ್ಚಿದ ಮೂಸೆಯಲ್ಲಿ ಹಸಿ ಸೊಪ್ಪು ಕಾದಾಗ ಹೊರಡುವ ಇಂಗಾಲಯುಕ್ತ ಅನಿಲ, ಕಾದ ಕಬ್ಬಿಣದೊಳಕ್ಕೆ ಇದ್ದಿಲಿಗಿಂತ ಬೇಗ ಇಂಗಾಲವನ್ನು ಸೇರಿಸುತ್ತದೆಂಬುದು ಅವನ ವಾದ. ಕಲ್ಲಿದ್ದಲ ಅನಿಲದಿಂದ ಕಬ್ಬಿಣವನ್ನು ಉಕ್ಕಾಗಿಸುವ ವಿಧಾನಕ್ಕೆ ಚಾರ್ಲ್ಸ್ ಮ್ಯಾಕಿಂಟಾಷ್ ಬ್ರಿಟನ್ನಿನಲ್ಲಿ ಹಕ್ಕುಪತ್ರ ಪಡೆದದ್ದು 1825ರಲ್ಲಿ. ಅದೇ ತತ್ತ್ವ ಹಿಂದೂಸ್ಥಾನದ ಕಮ್ಮಾರರ ಕೈಯಲ್ಲಿ ಬಹುಕಾಲದಿಂದ ಇತ್ತೆಂದು ಹೀತ್ ಬೆರಗುಪಟ್ಟ. ಎಲೆಯ ಪಾತ್ರವನ್ನು ಅವನು ಸ್ವಲ್ಪ ಹಿಗ್ಗಿಸಿರಬಹುದು. ಎರಡು ಎಲೆಗಿಂತ ಕಾಂಡದ ಇಂಗಾಲವೇ ದೊಡ್ಡದೆಂಬುದು ಲೆಕ್ಕಕ್ಕೆ ಬರುವ ಮಾತು. ಆದರೆ ಎಲೆಯನ್ನು ಅನಿಲದ ಆಕರವಾಗಿ ನೋಡಿದ ಅವನ ನೋಟ, ಅದನ್ನು ಮೂಢನಂಬಿಕೆಯಾಗಿ ನೋಡಿದವರ ನೋಟಕ್ಕಿಂತ ಸತ್ಯಕ್ಕೆ ಹತ್ತಿರವಾಗಿತ್ತು.

ಕೊನೆಯದು ತಣಿಸುವಿಕೆ. ಮುಚ್ಚಿದ ಮಡಕೆಯೊಳಗೆ ನಡೆದದ್ದನ್ನು ಕಣ್ಣಿನಿಂದ ಕಾಣುವಂತಿಲ್ಲ. ಗಟ್ಟಿಯ ಮೇಲ್ಮೈಯಲ್ಲಿ ನಡುವಿನಿಂದ ಅಂಚಿಗೆ ಕಿರಣಗಳಂತೆ ಗೆರೆಗಳು ಹರಡಿದ್ದರೆ ಲೋಹ ಸಂಪೂರ್ಣ ಕರಗಿತ್ತೆಂದೂ, ತೂತು ಉಬ್ಬುಗಳಿದ್ದರೆ ಅರೆಬರೆ ಕರಗಿತ್ತೆಂದೂ ತಿಳಿಯುತ್ತಿದ್ದರೆಂಬುದು 19ನೆಯ ಶತಮಾನದ ವರದಿಗಳಿಂದ ಗೊತ್ತಾಗುತ್ತದೆ. ಆ ಗೆರೆಗಳು ದ್ರವ ಹರಳುಗಟ್ಟುತ್ತ ಘನವಾದ ದಾರಿಯ ಗುರುತುಗಳು. ತಣ್ಣಗಾದ ಘನದ ಮೈಮೇಲೆ, ಯಾರೂ ನೋಡಿರದ ದ್ರವದ ಚರಿತ್ರೆಯನ್ನು ಓದುವ ವಿದ್ಯೆ ಇದು. ಅಕ್ಷರವಿಲ್ಲದವರ ಓದು ಎಂಬ ಮಾತನ್ನು ಜಾನಪದದಲ್ಲಿ ಅಲಂಕಾರವಾಗಿ ಬಳಸುವುದುಂಟು. ಇಲ್ಲಿ ಅದು ಅಕ್ಷರಶಃ ನಿಜ.

ಶಾಸ್ತ್ರಪರಂಪರೆ ಈ ವಿಷಯದಲ್ಲಿ ಮೌನವಾಗಿರಲಿಲ್ಲ. ಕಣಾದನ ವೈಶೇಷಿಕ ಸೂತ್ರಗಳು ದ್ರವತ್ವವನ್ನು ಕುರಿತು ವಿಚಾರ ಮಾಡುತ್ತವೆ. ತುಪ್ಪ, ಅರಗು, ಮೇಣಗಳೂ ತವರ, ಸೀಸ, ಲೋಹ, ಬೆಳ್ಳಿ, ಬಂಗಾರಗಳೂ ಬೆಂಕಿಯ ಸಂಪರ್ಕದಿಂದ ನೀರಿನಂತೆ ದ್ರವವಾಗುತ್ತವೆಂದು ಅಲ್ಲಿ ಹೇಳಿದೆ. ನೀರಿನ ದ್ರವತ್ವ ಸಹಜವಾದುದು, ಇವುಗಳದು ನಿಮಿತ್ತದಿಂದ ಬಂದದ್ದು ಎಂದು ನಂತರದ ವ್ಯಾಖ್ಯಾನಕಾರರು ವಿಂಗಡಿಸಿದರು. ಸೂಕ್ಷ್ಮವಾದ ವಿವೇಚನೆಯೇ ಸರಿ. ಆದರೆ ಎಷ್ಟು ಉರಿಗೆ, ಯಾವುದರ ಜೊತೆ ಸೇರಿ, ಎಷ್ಟು ಹೊತ್ತಿಗೆ ಎಂಬ ಪ್ರಶ್ನೆಗಳು ಶಾಸ್ತ್ರದವಲ್ಲ, ಕುಲುಮೆಯವು. ಇವೆರಡರ ನಡುವೆ ಮಾತುಕತೆ ನಡೆಯದಿದ್ದುದಕ್ಕೆ ಜಾತಿವ್ಯವಸ್ಥೆಯ ಗೋಡೆಗಳೇ ಮುಖ್ಯ ಕಾರಣವೆಂದು ಹೇಳದೆ ವಿಧಿಯಿಲ್ಲ.

ಯುರೋಪಿನಲ್ಲಿ ಇದೇ ಹೊತ್ತಿಗೆ ನಡೆಯುತ್ತಿದ್ದುದನ್ನು ಪಕ್ಕಕ್ಕಿಟ್ಟು ನೋಡುವುದು ಉಚಿತ. ಮುಂಬಯಿಯಲ್ಲಿದ್ದ ವೈದ್ಯ ಹೆಲೆನಸ್ ಸ್ಕಾಟ್ 1794ರಲ್ಲಿ ಲಂಡನ್ನಿನ ಜೋಸೆಫ್ ಬ್ಯಾಂಕ್ಸ್‌ಗೆ ಉಕ್ಕಿನ ಗಟ್ಟಿಗಳನ್ನು ಕಳುಹಿಸಿದ. ಮರುವರ್ಷ ಜಾರ್ಜ್ ಪಿಯರ್ಸನ್ ರಾಯಲ್ ಸೊಸೈಟಿಯಲ್ಲಿ ಅವುಗಳ ಮೇಲೆ ಪ್ರಬಂಧ ಓದಿದ. ‘ವುಟ್ಜ್’ ಎಂಬ ಹೆಸರು ಯುರೋಪಿನಲ್ಲಿ ಪ್ರಚಾರಕ್ಕೆ ಬಂದದ್ದು ಆಗ. ಅದು ಕನ್ನಡ-ತೆಲುಗಿನ ಉಕ್ಕು ಎಂಬುದರ ತಪ್ಪು ಬರಹವೆಂಬುದನ್ನು ಬಹುಪಾಲು ವಿದ್ವಾಂಸರು ಒಪ್ಪಿದ್ದಾರೆ. ಉಕ್ಕಿನ ಗುಟ್ಟು ಇಂಗಾಲವೆಂದು ಫ್ರಾನ್ಸಿನ ಮೂವರು ವಿದ್ವಾಂಸರು 1786ರಲ್ಲಷ್ಟೇ ಸ್ಪಷ್ಟಪಡಿಸಿದ್ದರು. ಒಲೆಯೊಳಗೆ ನಿಜವಾದ ಕೆಲಸ ಮಾಡುವ ಇಂಗಾಲದ ಮಾನಾಕ್ಸೈಡನ್ನು ಇಂಗಾಲ ಮತ್ತು ಆಮ್ಲಜನಕಗಳ ಸಂಯುಕ್ತವೆಂದು ವಿಲಿಯಂ ಕ್ರೂಕ್‌ಶ್ಯಾಂಕ್ ತೋರಿಸಿದ್ದು 1800ರ ಸುಮಾರಿನಲ್ಲಿ, ಎಂದರೆ ಬುಕಾನನ್ ಮೈಸೂರು ಸೀಮೆಯ ಒಲೆಗಳ ಮುಂದೆ ಕುಳಿತಿದ್ದ ಹೊತ್ತಿನಲ್ಲಿಯೇ.

ಮೈಕೆಲ್ ಫ್ಯಾರಡೆಯ ಪ್ರಸಂಗವನ್ನು ಇಲ್ಲಿ ಬಿಡಲಾಗದು. ಕಮ್ಮಾರನ ಮಗನಾದ ಫ್ಯಾರಡೆ, ಚೂರಿ-ಕತ್ತಿ ತಯಾರಕ ಜೇಮ್ಸ್ ಸ್ಟೊಡಾರ್ಟ್ ಜೊತೆಗೂಡಿ 1819ರಿಂದ ಕೆಲವು ವರ್ಷ ನಮ್ಮ ಉಕ್ಕನ್ನು ವಿಶ್ಲೇಷಿಸಿದ, ಅದರಂಥದನ್ನು ತಯಾರಿಸಲು ಯತ್ನಿಸಿದ. ಅದರ ವೈಶಿಷ್ಟ್ಯಕ್ಕೆ ಅಲ್ಯುಮಿನಿಯಂನಂಥ ಮಣ್ಣಿನ ಧಾತುಗಳು ಕಾರಣವೆಂದು ಊಹಿಸಿದ, ಊಹೆ ಸರಿಯಾಗಿರಲಿಲ್ಲ. ಆದರೆ ಬೇರೆ ಬೇರೆ ಲೋಹಗಳನ್ನು ಉಕ್ಕಿಗೆ ಬೆರೆಸಿ ನೋಡಿದ ಆ ಪ್ರಯೋಗಗಳು ಮಿಶ್ರ ಉಕ್ಕುಗಳ ಅಧ್ಯಯನಕ್ಕೆ ನಾಂದಿಯಾದವು. ಇದೇ ಫ್ಯಾರಡೆ 1823ರಲ್ಲಿ ಮುಚ್ಚಿದ ಗಾಜಿನ ನಳಿಗೆಯಲ್ಲಿ ಕ್ಲೋರಿನ್ ಅನಿಲವನ್ನು ಒತ್ತಡದಿಂದ ದ್ರವವಾಗಿಸಿದ. ಅನಿಲ, ದ್ರವಗಳು ಬೇರೆ ಬೇರೆ ಜಾತಿಯ ವಸ್ತುಗಳಲ್ಲ, ಒಂದೇ ವಸ್ತುವಿನ ಸ್ಥಿತಿಗಳೆಂಬ ತಿಳಿವಳಿಕೆಗೆ ಇದು ಬಲ ಕೊಟ್ಟಿತು. ಒಂದರಿಂದ ಇನ್ನೊಂದು ಹುಟ್ಟಿತೆಂದು ಹೇಳಲು ಆಧಾರವಿಲ್ಲ. ಮುಚ್ಚಿದ ಪಾತ್ರೆ, ಒಳಗೆ ಸಿಕ್ಕಿಬಿದ್ದ ಅನಿಲ ಎಂಬ ಸಾಮ್ಯ ಮಾತ್ರ ಗಮನ ಸೆಳೆಯುತ್ತದೆ.

ಕುಲುಮೆಯ ಅರಿವು ಕನ್ನಡ ಜನಪದ ಕಾವ್ಯದಲ್ಲಿಯೂ ಸುಳಿದಿದೆ. ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ಹಲಗೂರಿನ ಪಾಂಚಾಳರ ಪ್ರಸಂಗ ದೊಡ್ಡ ಭಾಗ. ಪಾಂಚಾಳರ ಮನೆಯಲ್ಲಿಯೇ ಹುಟ್ಟಿದ ಕೆಂಪಾಚಾರಿ ಮಂಟೇಸ್ವಾಮಿಯ ಶಿಶುಮಗನಾಗಿ ಸಿದ್ದಪ್ಪಾಜಿಯಾಗುತ್ತಾನೆ. ಗುರುವಿನ ಅಪ್ಪಣೆಯಂತೆ ಕಬ್ಬಿಣದ ಭಿಕ್ಷೆ ತರಲು ಹಲಗೂರಿಗೆ ಹೋಗುತ್ತಾನೆ. ಪಾಂಚಾಳರು ಕಬ್ಬಿಣವೇ ಇಲ್ಲವೆಂದು ಆಣೆಯಿಡುತ್ತಾರೆ, ಅವನನ್ನು ಕಠಿಣ ಪರೀಕ್ಷೆಗಳಿಗೆ ಒಡ್ಡುತ್ತಾರೆ. ಕಡೆಗೆ ಹಲಗೂರು ಉರಿದುಹೋಗುತ್ತದೆ. ಇದನ್ನು ಪವಾಡಕಥೆಯಾಗಿ, ಪಂಥಗಳ ಸಂಘರ್ಷವಾಗಿ ವಿದ್ವಾಂಸರು ಓದಿದ್ದಾರೆ. ಕಸುಬಿನ ಚರಿತ್ರೆಯಾಗಿಯೂ ಇದನ್ನು ಓದಲು ಅವಕಾಶವಿದೆ. ಕಬ್ಬಿಣ ಅಲ್ಲಿ ದವಸದಂತೆ ಭಿಕ್ಷೆ ಬೇಡುವ ಐಶ್ವರ್ಯ. ಅದನ್ನು ಬಚ್ಚಿಡುವವರೂ ಬೇಡುವವನೂ ಒಂದೇ ಕುಲದವರು. ವಿದ್ಯೆಯನ್ನು ಕುಲದೊಳಗೇ ಗುಟ್ಟಾಗಿಟ್ಟ ಕಸುಬುದಾರರ ಬಗ್ಗೆ, ಅವರ ಒಲೆಯ ಬೆಳಕಿನಿಂದ ದೂರ ನಿಂತ ಸಮುದಾಯಗಳಿಗಿದ್ದ ಮುನಿಸು ಈ ಕಾವ್ಯದಲ್ಲಿ ಮಾತಾಡುತ್ತದೆ ಎನ್ನಬಹುದು. ಹಾಗೆ ಗುಟ್ಟಾಗಿಟ್ಟದ್ದರಿಂದಲೇ ಒಲೆ ಆರಿದಾಗ ವಿದ್ಯೆಯೂ ಆರಿತು.

ಒಲೆ ಆರಿದ ಬಗೆ ತಿಳಿದದ್ದೇ. ಹಡಗಿನಲ್ಲಿ, ಬಳಿಕ ರೈಲಿನಲ್ಲಿ ಬಂದ ಇಂಗ್ಲೆಂಡಿನ ಅಗ್ಗದ ಕಬ್ಬಿಣ ಒಂದು ಕಡೆ. 1865 ಮತ್ತು 1878ರ ಅರಣ್ಯ ಕಾನೂನುಗಳ ಕಾಲದಿಂದ ಇದ್ದಿಲಿಗೆ ಬಿದ್ದ ಕಟ್ಟು ಇನ್ನೊಂದು ಕಡೆ. ಬುಕಾನನ್ ಕಂಡಿದ್ದ ಚನ್ನಪಟ್ಟಣದ ವಾದ್ಯತಂತಿಯ ಕಸುಬು ಕೂಡ ಅಳಿಯಿತು. ದೂರದೂರದ ಪ್ರಾಂತಗಳಿಗೆ ಹೋಗುತ್ತಿದ್ದ ಆ ಉಕ್ಕಿನ ತಂತಿಯನ್ನು ಎಳೆಯುತ್ತಿದ್ದುದು ಒಂದೇ ಒಂದು ಮನೆತನ. ಹೀಗೆ ಅಳಿದದ್ದರಲ್ಲಿ ಕಿಟ್ಟಕ್ಕೆ ಮಾತ್ರ ಬೆಲೆ ಉಳಿಯಿತೆಂಬುದು ವಿಪರ್ಯಾಸ: ಮಂಡೂರವೆಂಬ ಹೆಸರಿನಲ್ಲಿ ಅದು ಆಯುರ್ವೇದದ ಔಷಧಿ, ನೂರು ವರ್ಷ ಹಳೆಯದಾದರೆ ಉತ್ತಮವೆಂದು ರಸಶಾಸ್ತ್ರ ಹೇಳುತ್ತದೆ.

ಸರ್. ಎಂ. ವಿಶ್ವೇಶ್ವರಯ್ಯನವರ ಯೋಜನೆಯಂತೆ ಭದ್ರಾವತಿಯಲ್ಲಿ 1923ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಆರಂಭವಾದಾಗ ಮಲೆನಾಡಿನ ಇದ್ದಿಲು ಮತ್ತೆ ಕಬ್ಬಿಣದ ಒಲೆಗೆ ಬಂದಿತು, ಈ ಬಾರಿ ಸರ್ಕಾರದ ಒಲೆಗೆ. ಅಲ್ಲಿ ಕಬ್ಬಿಣ ನಿಜಕ್ಕೂ ನೀರಾಗಿ ಹರಿಯುತ್ತಿತ್ತು. ಸೌದೆಯನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ, ಹೊರಟ ಹೊಗೆಯನ್ನು ತಣಿಸಿ ಟಾರು, ಮರದ ಮದ್ಯಸಾರ, ಅಸಿಟೇಟ್‌ಗಳನ್ನು ತೆಗೆಯುವ ಘಟಕವೂ ಜೊತೆಗಿತ್ತು. ಹಳೆಯ ಇದ್ದಿಲು ಗೂಡುಗಳಿಂದ ಆಕಾಶಕ್ಕೆ ಹೋಗುತ್ತಿದ್ದ ಅನಿಲ ಇಲ್ಲಿ ದ್ರವವಾಗಿ ಪೀಪಾಯಿ ಸೇರಿತು. ಆ ಕಾರ್ಖಾನೆಯನ್ನು ಕಟ್ಟಿದ ಕತೆಯನ್ನು ಕನ್ನಡದಲ್ಲಿ ಹೆಮ್ಮೆಯಿಂದ ಹಲವರು ಬರೆದಿದ್ದಾರೆ. ಮಧುಗಿರಿ, ಮಾಗಡಿ, ಚನ್ನಪಟ್ಟಣಗಳ ಒಲೆಗಳ ಕತೆಗೆ ಮಾತ್ರ ಒಬ್ಬ ಪರದೇಶಿಯ ದಿನಚರಿಯನ್ನೇ ನೆಚ್ಚಬೇಕಾಗಿದೆ.

ಇನ್ನುಳಿದದ್ದು ಮಣ್ಣಿನ ಚೂರುಗಳು. ಘಟ್ಟಿಹೊಸಹಳ್ಳಿಯಂಥ ನೆಲೆಗಳ ಮೂಸೆಯ ಚೂರುಗಳಲ್ಲಿ ಕೆಲವನ್ನು ಬೆಳಕಿಗೆ ಹಿಡಿದರೆ ಒಳಗೋಡೆಯ ಮೇಲೆ ಗಾಜಿನಂತೆ ಹೊಳೆಯುವ ತೆಳುವಾದ ಏಣು ಕಾಣುತ್ತದೆ. ಕರಗಿದ ಉಕ್ಕಿನ ಮೇಲೆ ತೇಲಿದ ಕಿಟ್ಟ ಗೋಡೆಗೆ ಅಂಟಿ ಗಟ್ಟಿಯಾದ ಗುರುತು ಅದು. ಅದರ ಕೆಳಗೆ ಒಂದು ಕಾಲಕ್ಕೆ ಉಕ್ಕು ನೀರಾಗಿ ನಿಂತಿತ್ತು. ಅದರ ಮೇಲೆ, ಮಣ್ಣು ಮೆತ್ತಿದ ಮುಚ್ಚಳದವರೆಗೆ, ಸುಟ್ಟ ಎಲೆಯ ಗಾಳಿ ತುಂಬಿತ್ತು.